ಛಾಯಾಗ್ರಹಣ: ಹಿಡಿಯುವುದೋ, ಅರಿಯುವುದೋ?

ನೋಡುವುದಕ್ಕೂ ಒಂದು ನೀತಿಯಿದೆಯೇ? ಕದಿಯಬಾರದು, ಸುಳ್ಳು ಹೇಳಬಾರದು ಎಂದು ಎಲ್ಲ ಸಮಾಜಗಳೂ ತಮ್ಮ ಮಕ್ಕಳಿಗೆ ಕಲಿಸುತ್ತಾ ಬಂದಿವೆ. ಹೇಗೆ ನೋಡಬೇಕು ಎಂಬುದನ್ನು ಮಾತ್ರ ಯಾವ ಶಾಲೆಯೂ ಪಾಠವಾಗಿ ಕಲಿಸುವುದಿಲ್ಲ. ಆದರೂ, ಊಟ ಮಾಡುವವರ ಎಲೆಯನ್ನು ದುರುಗುಟ್ಟಿ ನೋಡಬಾರದೆಂದು ಮನೆಯ ಹಿರಿಯರು ಗದರಿಸಿದ್ದು ನಮ್ಮಲ್ಲಿ ಅನೇಕರಿಗೆ ನೆನಪಿರಬಹುದು. ನೋಟವೂ ಒಂದು ಕ್ರಿಯೆ, ಅದು ಇನ್ನೊಬ್ಬರನ್ನು ತಟ್ಟುತ್ತದೆ ಎಂಬ ತಿಳುವಳಿಕೆ ಆ ಗದರಿಕೆಯ ಹಿಂದಿತ್ತು.

ಇಂದು ನಮ್ಮ ನೋಟಕ್ಕೆ ಕ್ಯಾಮೆರಾ ಎಂಬ ಬಲ ಬಂದಿದೆ. ಹಿಂದೆ ಕೆಲವರ ಕೈಯಲ್ಲಿ ಮಾತ್ರವಿದ್ದ ಆ ಯಂತ್ರ ಈಗ ಎಲ್ಲರ ಜೇಬಿನಲ್ಲಿದೆ. ಚಿತ್ರ ತೆಗೆಯುವುದಕ್ಕೆಂದೇ ದೂರದ ದೇಶಗಳಿಗೆ ಹೋಗುವ ಪ್ರವಾಸಗಳೂ ಬೆಳೆದಿವೆ. ಬೆಂಗಳೂರಿನಿಂದಲೂ ಇಂಥ ಗುಂಪುಗಳು ದೊಡ್ಡ ದೊಡ್ಡ ಲೆನ್ಸುಗಳನ್ನು ಹೊತ್ತು ಆಫ್ರಿಕಾಕ್ಕೆ ತೆರಳುತ್ತವೆ. ಅವರು ತಂದು ತೋರಿಸುವ ಚಿತ್ರಗಳನ್ನು ನಾವು ಬೆರಗಿನಿಂದ ನೋಡುತ್ತೇವೆ. ಆ ಬೆರಗು ಒಳ್ಳೆಯದೇ. ಅದರ ಜೊತೆಗೆ ಒಂದು ವಿಚಾರವನ್ನೂ ಮಾಡುವುದು ಅಗತ್ಯವೆನಿಸುತ್ತದೆ.

ನಮ್ಮ ಆಡುಮಾತಿನಲ್ಲಿ ಫೋಟೊ ‘ತೆಗೆಯುತ್ತೇವೆ’, ‘ಹಿಡಿಯುತ್ತೇವೆ’, ಕೆಲವೊಮ್ಮೆ ‘ಹೊಡೆಯುತ್ತೇವೆ’. ಪತ್ರಿಕೆಗಳ ಭಾಷೆಯಲ್ಲಿ ದೃಶ್ಯವನ್ನು ‘ಸೆರೆಹಿಡಿಯುತ್ತೇವೆ’. ಶಿಷ್ಟ ಕನ್ನಡದಲ್ಲಿ ಇದು ಛಾಯಾಗ್ರಹಣ. ಗ್ರಹಣವೆಂದರೆ ಹಿಡಿಯುವುದು. ಗ್ರಹಿಸುವುದೆಂದರೆ ಅರಿತುಕೊಳ್ಳುವುದೂ ಹೌದು. ಸೂರ್ಯಚಂದ್ರರಿಗೆ ಹಿಡಿಯುವ ಗ್ರಹಣವೂ ಒಂದಿದೆ. ಅದು ಬೆಳಕನ್ನು ಮರೆಮಾಡುತ್ತದೆ. ಹಿಡಿಯುವುದು, ಅರಿಯುವುದು, ಮರೆಮಾಡುವುದು: ಒಂದೇ ಪದದೊಳಗೆ ಮೂರೂ ಅಡಗಿವೆ. ಕ್ಯಾಮೆರಾ ಹಿಡಿದವನು ಈ ಮೂರರಲ್ಲಿ ಯಾವುದನ್ನು ಮಾಡುತ್ತಿದ್ದಾನೆ? ಛಾಯಾಗ್ರಾಹಕರು ಮುಗಿಬೀಳುವ ಒಂದು ದೇಶವನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ಪರಿಶೀಲಿಸೋಣ. ಆ ದೇಶ ಆಫ್ರಿಕಾದ ನೈಋತ್ಯ ಮೂಲೆಯಲ್ಲಿರುವ ನಮೀಬಿಯಾ.

ಬಣ್ಣದ ಚಿತ್ರದಂತೆ ಕಂಡ ನಿಜ

ನಮೀಬಿಯಾದ ವಿಸ್ತೀರ್ಣ ಸುಮಾರು 8.24 ಲಕ್ಷ ಚದರ ಕಿಲೋಮೀಟರ್, ಎಂದರೆ ಕರ್ನಾಟಕದ ನಾಲ್ಕು ಪಟ್ಟಿಗಿಂತ ಹೆಚ್ಚು. 2023ರ ಜನಗಣತಿಯ ಪ್ರಕಾರ ಅಲ್ಲಿನ ಜನಸಂಖ್ಯೆ ಕೇವಲ 30 ಲಕ್ಷದಷ್ಟು. ಅದರ ಪಶ್ಚಿಮ ತೀರದುದ್ದಕ್ಕೂ ನಮೀಬ್ ಮರುಭೂಮಿ ಹಬ್ಬಿದೆ. ಅಲ್ಲಿನ ಡೆಡ್‌ವ್ಲೆ ಎಂಬ ಬಿಳಿ ಜೇಡಿಮಣ್ಣಿನ ತಗ್ಗಿಗೆ ಹಿಂದೊಮ್ಮೆ ನದಿಯ ನೆರೆನೀರು ಬರುತ್ತಿತ್ತು. ಜಾಲಿಯ ಜಾತಿಗೆ ಹತ್ತಿರವಾದ ಮರಗಳು ಬೆಳೆದಿದ್ದವು. ಕ್ರಮೇಣ ಮರಳದಿಬ್ಬಗಳು ಸರಿದುಬಂದು ನೀರಿನ ದಾರಿಯನ್ನು ಮುಚ್ಚಿದವು, ಮರಗಳು ಸತ್ತವು. ಅವು ಸತ್ತು 600 ವರ್ಷಗಳಿಗೂ ಹೆಚ್ಚು ಕಾಲವಾಗಿರಬಹುದೆಂದು ಅಂದಾಜು. ಕೊಳೆಯುವುದಕ್ಕೆ ಬೇಕಾದಷ್ಟು ತೇವವೂ ಅಲ್ಲಿಲ್ಲದ ಕಾರಣ, ಬಿಸಿಲಿಗೆ ಕರಿಕಟ್ಟಿ ಇಂದಿಗೂ ನೆಟ್ಟಗೆ ನಿಂತಿವೆ.

ಫ್ರಾನ್ಸ್ ಲಾಂಟಿಂಗ್ ಎಂಬ ಪ್ರಸಿದ್ಧ ಛಾಯಾಗ್ರಾಹಕರು ಇಲ್ಲಿ ತೆಗೆದ ಒಂದು ಚಿತ್ರ 2011ರಲ್ಲಿ ‘ನ್ಯಾಷನಲ್ ಜಿಯಾಗ್ರಫಿಕ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಹಿನ್ನೆಲೆಯಲ್ಲಿ ಕಿತ್ತಳೆ ಬಣ್ಣದ ಗೋಡೆ, ಮುಂದೆ ನಸುನೀಲಿ ನೆಲ, ನಡುವೆ ಕಪ್ಪು ಮರಗಳು. ನೋಡಿದವರಲ್ಲಿ ಎಷ್ಟೋ ಮಂದಿ ಅದನ್ನು ಕುಂಚದಿಂದ ಬರೆದ ವರ್ಣಚಿತ್ರವೆಂದೇ ತಿಳಿದರು. ವಾಸ್ತವದಲ್ಲಿ ಅದರಲ್ಲಿ ಕೈಚಳಕವೇನೂ ಇರಲಿಲ್ಲ. ಮುಂಜಾನೆಯ ಎಳೆಬಿಸಿಲು ದೊಡ್ಡ ಮರಳದಿಬ್ಬದ ಮೇಲೆ ಬಿದ್ದು ಅದು ಕಿತ್ತಳೆಯಾಗಿತ್ತು. ನೆರಳಿನಲ್ಲೇ ಇದ್ದ ಬಿಳಿ ನೆಲ ಆಕಾಶದ ಬಣ್ಣವನ್ನು ಹೊದ್ದಿತ್ತು. ಅವರು ಸರಿಯಾದ ಗಳಿಗೆಗಾಗಿ ಕಾದು ನಿಂತಿದ್ದರು, ಅಷ್ಟೇ.

‘ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು’ ಎಂಬ ನಮ್ಮ ಗಾದೆಯ ಅರ್ಥ ಇಲ್ಲಿ ಸ್ಪಷ್ಟವಾಗುತ್ತದೆ. ಪೂರ್ಣ ಪ್ರಾಮಾಣಿಕವಾದ ಒಂದು ಚಿತ್ರವೂ ನೋಡುವವನಿಗೆ ಸುಳ್ಳಿನಂತೆ ಕಾಣಬಹುದು. ಇದರ ವಿರುದ್ಧವೂ ಸಾಧ್ಯ: ಚಿತ್ರದಲ್ಲಿರುವ ಒಂದೊಂದು ಅಂಶವೂ ನಿಜವಾಗಿದ್ದು, ಒಟ್ಟು ಚಿತ್ರ ಹೇಳುವ ಮಾತು ಸುಳ್ಳಾಗಿರಬಹುದು. ಏಕೆಂದರೆ ಪ್ರತಿಯೊಂದು ಛಾಯಾಚಿತ್ರಕ್ಕೂ ನಾಲ್ಕು ಅಂಚುಗಳಿರುತ್ತವೆ. ಅಂಚಿನ ಒಳಗೆ ಏನಿರಬೇಕೆಂದು ನಿರ್ಧರಿಸುವವನೇ ಹೊರಗೆ ಯಾರು ಉಳಿಯಬೇಕೆಂಬುದನ್ನೂ ನಿರ್ಧರಿಸಿಬಿಡುತ್ತಾನೆ. ಪದದ ಮೂರನೆಯ ಅರ್ಥವಾದ ಮರೆಮಾಡುವಿಕೆ ನಡೆಯುವುದು ಅಲ್ಲಿಯೇ.

‘ಖಾಲಿ’ ಎಂಬ ಮಾತು

ನಮೀಬಿಯಾದ ಚಿತ್ರಗಳು ಸಾಮಾನ್ಯವಾಗಿ ಹೇಳುವ ಮಾತು ಒಂದೇ: ಇದು ಖಾಲಿ ನೆಲ. ಮನುಷ್ಯರ ಹೆಜ್ಜೆ ಬೀಳದ ಮರಳು, ದಿಗಂತದವರೆಗೂ ಮೌನ, ಒಂಟಿಯಾಗಿ ನಿಂತ ಒಂದು ಒರಿಕ್ಸ್ ಜಿಂಕೆ. ಪ್ರವಾಸಿಗನು ಹಣ ತೆತ್ತು ಅರಸುತ್ತಾ ಹೋಗುವುದು ಈ ಖಾಲಿತನವನ್ನೇ. ಅದು ಕಣ್ಣಿಗೆ ನಿಜವೂ ಹೌದು. ಆದರೆ ಆ ನೆಲ ಖಾಲಿಯಾಗಿ ಕಾಣುವುದರ ಹಿಂದೆ ಪ್ರಕೃತಿಯ ಕೆಲಸದ ಜೊತೆಗೆ ಮನುಷ್ಯರ ಕೆಲಸವೂ ಇದೆ.

1904ರಲ್ಲಿ ಅದು ಜರ್ಮನಿಯ ವಸಾಹತಾಗಿತ್ತು. ಹೆರೆರೊ ಜನರು ತಮ್ಮ ನೆಲಕ್ಕಾಗಿ ದಂಗೆಯೆದ್ದಾಗ, ಸೇನಾಧಿಪತಿ ಲೋಥಾರ್ ಫಾನ್ ಟ್ರೋಥಾ ಅವರನ್ನು ಓಮಾಹೆಕೆ ಎಂಬ ನೀರಿಲ್ಲದ ಮರಳುಗಾಡಿಗೆ ಅಟ್ಟಿದನು. ಆ ವರ್ಷದ ಅಕ್ಟೋಬರ್ 2ರಂದು ಅವನು ಹೊರಡಿಸಿದ ಆಜ್ಞೆಯ ಪ್ರಕಾರ, ಜರ್ಮನ್ ಗಡಿಯೊಳಗೆ ಕಂಡ ಹೆರೆರೊ ಯಾರೇ ಆಗಲಿ, ಆಯುಧವಿರಲಿ ಇಲ್ಲದಿರಲಿ, ಗುಂಡಿಗೆ ಗುರಿಯಾಗಬೇಕಾಗಿತ್ತು. ಸಾವಿರಾರು ಜನ ಬಾಯಾರಿ ಸತ್ತರು. ಉಳಿದವರನ್ನೂ, ನಂತರ ನಾಮಾ ಜನರನ್ನೂ ಸೆರೆಶಿಬಿರಗಳಿಗೆ ತಳ್ಳಲಾಯಿತು. ಲ್ಯೂಡೆರಿಟ್ಸ್ ಪಟ್ಟಣದ ಶಾರ್ಕ್ ದ್ವೀಪದ ಶಿಬಿರ ಇವುಗಳಲ್ಲಿ ಕುಖ್ಯಾತವಾದುದು. ನಾಮಾ ನಾಯಕ ಕಾರ್ನೇಲಿಯಸ್ ಫ್ರೆಡೆರಿಕ್ಸ್ 1907ರಲ್ಲಿ ಅಲ್ಲಿಯೇ ಪ್ರಾಣಬಿಟ್ಟನು. 1908ರ ಹೊತ್ತಿಗೆ ಸುಮಾರು 65,000 ಹೆರೆರೊ ಮತ್ತು 10,000 ನಾಮಾ ಜನರು ಸತ್ತಿದ್ದರೆಂದು ಅಂದಾಜು. ಅದೇ ಶಾರ್ಕ್ ದ್ವೀಪದಲ್ಲಿ ಮುಂದೆ ಪ್ರವಾಸಿಗರು ಡೇರೆ ಹಾಕಿ ತಂಗುವ ತಾಣವನ್ನು ಮಾಡಲಾಯಿತು. ಸಮುದ್ರದ ಮೇಲಿನ ಸೂರ್ಯಾಸ್ತದ ಚಿತ್ರ ತೆಗೆಯಲು ಅದು ಸೊಗಸಾದ ಜಾಗವೇ ಸರಿ.

ವನ್ಯಜೀವಿಗಳ ಚಿತ್ರಗಳಿಗೆ ಹೆಸರಾದ ಎಟೋಷಾ ರಾಷ್ಟ್ರೀಯ ಉದ್ಯಾನದ ಕಥೆಯೂ ಬೇರೆಯಲ್ಲ. 1907ರಲ್ಲಿ ಮೃಗಧಾಮವೆಂದು ಘೋಷಿತವಾದ ಆ ನೆಲದಲ್ಲಿ ಹೈಓಮ್ ಎಂಬ ಸಾನ್ ಜನರು ತಲೆತಲಾಂತರದಿಂದ ಬೇಟೆಯಾಡಿ, ಗೆಡ್ಡೆಗೆಣಸು ಅಗೆದು ಬದುಕುತ್ತಿದ್ದರು. 1954ರಲ್ಲಿ, ದಕ್ಷಿಣ ಆಫ್ರಿಕಾದ ಆಡಳಿತದ ಕಾಲದಲ್ಲಿ, ಅವರನ್ನು ಅಲ್ಲಿಂದ ಹೊರಹಾಕಲಾಯಿತು. ಉದ್ಯಾನದ ಕೂಲಿಗಳಾಗಿ ಕೆಲವರು ಮಾತ್ರ ಉಳಿದರು. ನೀರಿನ ಗುಂಡಿಯ ಬಳಿ ಆನೆಗಳ ಹಿಂಡು ನಿಂತಿರುವ ಚಿತ್ರದಲ್ಲಿ ಆ ಗುಂಡಿಯ ನೀರನ್ನೇ ಕುಡಿದು ಬೆಳೆದ ಮನುಷ್ಯರು ಕಾಣಿಸುವುದಿಲ್ಲ.

ಹಾಗಾದರೆ ಚಿತ್ರ ತೆಗೆದ ಪ್ರವಾಸಿಗನು ತಪ್ಪಿತಸ್ಥನೇ? ಅವನು ಯಾರನ್ನೂ ಅಟ್ಟಲಿಲ್ಲ, ಯಾರ ನೆಲವನ್ನೂ ಕಸಿಯಲಿಲ್ಲ. ಹಿಂದಿನವರ ಅಪರಾಧವನ್ನು ಅವನ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೂ ಅಪರಾಧಕ್ಕೂ ಋಣಕ್ಕೂ ವ್ಯತ್ಯಾಸವಿದೆ. ತಾನು ಮಾಡದ ತಪ್ಪಿಗೆ ಯಾರೂ ಅಪರಾಧಿಯಲ್ಲ. ತಾನು ಅನುಭವಿಸಿದ ಒಳಿತಿಗೆ ಮಾತ್ರ ಪ್ರತಿಯೊಬ್ಬನೂ ಋಣಿ. ಯಾರೋ ತೆರವು ಮಾಡಬೇಕಾಗಿ ಬಂದ ನೆಲದ ಸೌಂದರ್ಯವನ್ನು ನಾವು ಸವಿದಿದ್ದರೆ, ಆ ‘ಯಾರೋ’ ಯಾರೆಂದು ತಿಳಿದುಕೊಳ್ಳುವುದು ಆ ಋಣದ ಮೊದಲ ಕಂತು.

ಹೆಸರಿಲ್ಲದ ಮುಖ

ವಾಯವ್ಯ ಭಾಗದ ಕುನೇನೆ ಪ್ರಾಂತದಲ್ಲಿ ಹಿಂಬಾ ಎಂಬ ದನಗಾಹಿ ಜನರಿದ್ದಾರೆ. ಬೆಣ್ಣೆಯ ಕೊಬ್ಬಿಗೆ ಕೆಂಗಾವಿ ಕಲ್ಲಿನ ಪುಡಿ ಬೆರೆಸಿ ಮೈಗೂ ಕೂದಲಿಗೂ ಹಚ್ಚಿಕೊಳ್ಳುವ ಹಿಂಬಾ ಮಹಿಳೆಯರ ಚಿತ್ರಗಳು ಲೋಕದ ತುಂಬ ಹರಡಿವೆ. ಅಂಥ ಚಿತ್ರಗಳ ಕೆಳಗೆ ಛಾಯಾಗ್ರಾಹಕನ ಹೆಸರು ತಪ್ಪದೆ ಇರುತ್ತದೆ. ಚಿತ್ರದಲ್ಲಿರುವಾಕೆಗೆ ಬಹುಪಾಲು ‘ಹಿಂಬಾ ಮಹಿಳೆ’ ಎಂಬುದಷ್ಟೇ ಹೆಸರು. ನೋಡಿದವನಿಗೆ ಹೆಸರಿದೆ, ನೋಡಲ್ಪಟ್ಟವಳಿಗೆ ಇಲ್ಲ.

ಹಿಂಬಾ ಹಟ್ಟಿಯಲ್ಲಿ ಹಿರಿಯನ ಮನೆಗೂ ದನದ ದೊಡ್ಡಿಗೂ ನಡುವೆ ‘ಒಕುರುವೊ’ ಎಂಬ ಪವಿತ್ರ ಅಗ್ನಿ ಇರುತ್ತದೆ. ಅದರ ಮೂಲಕ ಪೂರ್ವಿಕರೊಡನೆ ಸಂಬಂಧ ಉಳಿದಿದೆ ಎಂಬುದು ಅವರ ನಂಬಿಕೆ. ಆ ಅಗ್ನಿಗೂ ಮನೆಗೂ ನಡುವಿನ ದಾರಿಯನ್ನು ಹೊರಗಿನವರು ದಾಟಬಾರದು. ಆ ಗೆರೆ ಕಣ್ಣಿಗೆ ಕಾಣುವುದಿಲ್ಲ, ಕ್ಯಾಮೆರಾಕ್ಕೂ ಕಾಣುವುದಿಲ್ಲ. ಒಳ್ಳೆಯ ಕೋನವನ್ನು ಹುಡುಕುತ್ತಾ ಹಿಂದೆ ಮುಂದೆ ಸರಿಯುವವನು ಕೇಳಿ ತಿಳಿಯದೆ ಹೋದರೆ ಅದನ್ನು ತುಳಿದೇ ತುಳಿಯುತ್ತಾನೆ.

ಇಂಥ ಚಿತ್ರಗಳನ್ನು ನೋಡಿ ‘ಕಾಲ ಮುಟ್ಟದ ಜನ’ ಎಂದು ಬಣ್ಣಿಸುವವರುಂಟು. ಆದರೆ 1990ರ ದಶಕದಲ್ಲಿ ಕುನೇನೆ ನದಿಯ ಎಪುಪಾ ಜಲಪಾತದ ಬಳಿ ಅಣೆಕಟ್ಟು ಕಟ್ಟಲು ಸರಕಾರ ಯೋಜಿಸಿದಾಗ, ಇದೇ ಹಿಂಬಾ ಜನರ ನಾಯಕರು ಅದನ್ನು ಬಲವಾಗಿ ವಿರೋಧಿಸಿದರು. ತಮ್ಮ ಮೇವಿನ ನೆಲವೂ ಪೂರ್ವಿಕರ ಸಮಾಧಿಗಳೂ ಮುಳುಗುವುದನ್ನು ಅವರು ಒಪ್ಪಲಿಲ್ಲ. ಎಪುಪಾದಲ್ಲಿ ಅಣೆಕಟ್ಟು ಏಳಲಿಲ್ಲ. ಸರಕಾರದೊಡನೆ ವಾದಿಸಬಲ್ಲ, ತನ್ನ ನಾಳೆಯ ಬಗ್ಗೆ ಚಿಂತಿಸುವ ಈ ಮನುಷ್ಯರು ಆ ಕೆಂಪು ಚಿತ್ರಗಳಲ್ಲಿ ಎಲ್ಲಿದ್ದಾರೆ?

ಮನುಷ್ಯನನ್ನು ಕೇವಲ ಸಾಧನವನ್ನಾಗಿ ಬಳಸಬಾರದು, ಅವನು ತನ್ನಲ್ಲಿಯೇ ಗುರಿಯಾದವನು ಎಂಬುದು ಇಮ್ಯಾನುಯೆಲ್ ಕಾಂಟ್ 1785ರಲ್ಲಿ ಮಂಡಿಸಿದ ತತ್ತ್ವ. ಇಲ್ಲಿ ‘ಕೇವಲ’ ಎಂಬ ಪದ ಮುಖ್ಯ. ಒಬ್ಬರ ಚಿತ್ರವನ್ನು ತೆಗೆದೊಡನೆ ನೀತಿಭಂಗವಾಗುವುದಿಲ್ಲ. ಅವರ ಹೆಸರು ಕೇಳದೆ, ಒಪ್ಪಿಗೆ ಪಡೆಯದೆ, ಅವರ ಬದುಕಿನ ಬಗ್ಗೆ ಒಂದು ಮಾತೂ ಆಡದೆ, ಚೆಂದದ ಬಣ್ಣವೆಂದು ಮಾತ್ರ ಅವರನ್ನು ಬಳಸಿದಾಗ ಅದು ನೀತಿಭಂಗವಾಗುತ್ತದೆ. ‘ದುಡ್ಡು ಕೊಟ್ಟಿದ್ದೇನಲ್ಲ?’ ಎಂಬುದು ಇದಕ್ಕೆ ಉತ್ತರವಾಗದು. ಹಣ ಚಿತ್ರದ ಬೆಲೆಯನ್ನು ತೀರಿಸಬಹುದು. ಮನುಷ್ಯನಿಗೆ ಸಲ್ಲಬೇಕಾದ ಗೌರವವನ್ನು ತೀರಿಸಲಾರದು.

ಕ್ಯಾಮೆರಾದ ಪರವಾಗಿ

ಇಷ್ಟನ್ನು ಓದಿ, ಕ್ಯಾಮೆರಾವನ್ನು ಮನೆಯಲ್ಲೇ ಬಿಟ್ಟು ಹೋಗಬೇಕೆಂಬ ತೀರ್ಮಾನಕ್ಕೆ ಯಾರೂ ಬರಬೇಕಾಗಿಲ್ಲ. ಬೇಟೆಗಾರನ ಬಂದೂಕಿನ ಜಾಗಕ್ಕೆ ಪ್ರವಾಸಿಗನ ಕ್ಯಾಮೆರಾ ಬಂದಿದೆ ಎಂದು ಸೂಸನ್ ಸೊಂಟಾಗ್ 1977ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಚುಚ್ಚಿ ಹೇಳಿದ್ದಾರೆ. ಆದರೆ ಆನೆಯ ಕಡೆಯಿಂದ ನೋಡಿದರೆ ಈ ಬದಲಾವಣೆ ಸಣ್ಣದೇನಲ್ಲ.

ನಮೀಬಿಯಾ 1990ರಲ್ಲಿ ಸ್ವತಂತ್ರವಾದಾಗ ತನ್ನ ಸಂವಿಧಾನದಲ್ಲಿಯೇ ಪ್ರಕೃತಿಯ ರಕ್ಷಣೆಯ ಮಾತನ್ನು ಸೇರಿಸಿಕೊಂಡಿತು. 1996ರ ಕಾನೂನು ತಿದ್ದುಪಡಿ, ತಮ್ಮ ನೆಲದ ವನ್ಯಜೀವಿಗಳನ್ನು ಕಾಯ್ದು ಅವುಗಳಿಂದ ಬರುವ ಆದಾಯವನ್ನು ಪಡೆಯುವ ಹಕ್ಕನ್ನು ಗ್ರಾಮಸಮುದಾಯಗಳಿಗೆ ನೀಡಿತು. 1998ರಲ್ಲಿ ಇಂಥ ಮೊದಲ ಸಮುದಾಯ ಸಂರಕ್ಷಣಾ ಕ್ಷೇತ್ರಗಳು ನೋಂದಣಿಯಾದವು. ಇಂದು ಅವು 80ಕ್ಕೂ ಹೆಚ್ಚಿವೆ. ಆದಾಯದ ಒಂದು ದೊಡ್ಡ ಪಾಲು ನೋಡಲು ಬರುವ ಪ್ರವಾಸಿಗರಿಂದ ಬರುತ್ತದೆ. 2020ರಲ್ಲಿ ಕೋವಿಡ್‌ನಿಂದ ಪ್ರವಾಸ ನಿಂತಾಗ ಈ ಹಳ್ಳಿಗಳ ವನ್ಯಜೀವಿ ಕಾವಲುಗಾರರ ಸಂಬಳಕ್ಕೇ ಕುತ್ತು ಬಂದಿತ್ತು. ಎಂದರೆ, ದೂರದಲ್ಲಿ ಯಾರೋ ಮೆಚ್ಚಿದ ಒಂದು ಚಿತ್ರ, ಇನ್ನೊಬ್ಬನನ್ನು ಅಲ್ಲಿಗೆ ಕರೆತಂದು, ಹಳ್ಳಿಯ ಒಂದು ಮನೆಯ ಒಲೆ ಉರಿಯುವಂತೆ ಮಾಡಬಲ್ಲದು.

ಆದರೂ ಒಳ್ಳೆಯ ಚಿತ್ರಕ್ಕೂ ತನ್ನದೇ ಅಪಾಯಗಳಿವೆ. ಇಂದಿನ ಫೋನುಗಳು ಚಿತ್ರದೊಳಗೇ ಅದನ್ನು ತೆಗೆದ ಜಾಗದ ಗುರುತನ್ನು ಅಡಗಿಸಿಡಬಲ್ಲವು. ಮರುಭೂಮಿಯಲ್ಲಿ ಅಲೆಯುವ ಕಪ್ಪು ಘೇಂಡಾಮೃಗದ ಚಿತ್ರವನ್ನು ಸಂತೋಷದಿಂದ ಹಂಚಿಕೊಂಡವನು, ತಿಳಿಯದೆಯೇ ಕಳ್ಳಬೇಟೆಗಾರನಿಗೆ ದಾರಿ ತೋರಿಸಬಹುದು. ಕೊಂಬಿನಾಸೆಗೆ ಅವುಗಳನ್ನು ಕೊಲ್ಲುವುದನ್ನು ತಡೆಯಲು ನಮೀಬಿಯಾ 1989ರಲ್ಲಿಯೇ ಕೊಂಬನ್ನು ನೋವಾಗದಂತೆ ಕತ್ತರಿಸಿ ತೆಗೆಯುವ ಕ್ರಮವನ್ನು ಆರಂಭಿಸಿತು. ಕೊಂಬಿಲ್ಲದ ಘೇಂಡಾಮೃಗವನ್ನು ಕಂಡು ಚಿತ್ರ ಕೆಟ್ಟಿತೆಂದು ಪ್ರವಾಸಿಗನು ನಿರಾಶನಾಗಬಹುದು. ಚಿತ್ರಕ್ಕೆ ಕೊರತೆಯಾದದ್ದೇ ಆ ಪ್ರಾಣಿಯ ಜೀವಕ್ಕೆ ಕಾವಲು ಎಂದು ಅರಿತವನಿಗೆ ಮಾತ್ರ ಅದೂ ಸುಂದರವಾಗಿ ಕಂಡೀತು. ಇನ್ನೊಂದು ಉದಾಹರಣೆ: ನಮೀಬ್‌ನ ಜಲ್ಲಿನೆಲದ ಮೇಲೆ ಒಮ್ಮೆ ಬಿದ್ದ ಗಾಡಿಯ ಚಕ್ರದ ಗುರುತು ಹತ್ತಾರು ವರ್ಷ ಅಳಿಯುವುದಿಲ್ಲ. ಒಂದು ನಿಮಿಷದ ಚಿತ್ರಕ್ಕಾಗಿ ದಾರಿ ಬಿಟ್ಟು ಗಾಡಿ ಓಡಿಸಿದವನ ಗುರುತು ಅವನ ಮಕ್ಕಳು ದೊಡ್ಡವರಾದ ಮೇಲೂ ಅಲ್ಲಿರುತ್ತದೆ.

ಇವೆಲ್ಲಕ್ಕಿಂತ ಸೂಕ್ಷ್ಮವಾದ ಅಪಾಯವೊಂದು 2024ರಲ್ಲಿ ಕಾಣಿಸಿತು. ಆ ವರ್ಷ ನಮೀಬಿಯಾ ಭೀಕರ ಬರಗಾಲಕ್ಕೆ ತುತ್ತಾಗಿತ್ತು. ಜನಸಂಖ್ಯೆಯ ಅರ್ಧದಷ್ಟು ಜನ ಆಹಾರದ ಕೊರತೆಯನ್ನು ಎದುರಿಸುತ್ತಿದ್ದರು. ಆಗಸ್ಟ್‌ನಲ್ಲಿ ಸರಕಾರವು 83 ಆನೆಗಳೂ ಸೇರಿ 723 ವನ್ಯಮೃಗಗಳನ್ನು ಕೊಂದು ಮಾಂಸವನ್ನು ಜನರಿಗೆ ಹಂಚುವುದಾಗಿ ಪ್ರಕಟಿಸಿತು. ಲೋಕದ ನಾನಾ ಕಡೆಗಳಿಂದ ಪ್ರತಿಭಟನೆ ಎದ್ದಿತು. ಆ ನಿರ್ಧಾರ ಸರಿಯೋ ತಪ್ಪೋ ಎಂಬುದು ಬೇರೆಯೇ ಚರ್ಚೆ; ಎರಡು ಕಡೆಯೂ ಗಂಭೀರವಾದ ವಾದಗಳಿವೆ. ಇಲ್ಲಿ ಗಮನಿಸಬೇಕಾದುದು ಒಂದೇ ಸಂಗತಿ. ನಮೀಬಿಯಾದ ಆನೆಯ ಚಿತ್ರವನ್ನು ಲಕ್ಷಾಂತರ ಜನ ನೋಡಿದ್ದರು. ಆನೆ ನೀರಿಗಾಗಿ ಬಂದು ಒಡೆದುಹಾಕಿದ ತೊಟ್ಟಿಯ ಮುಂದೆ ನಿಂತ ರೈತನನ್ನು, ಹಿಟ್ಟಿಲ್ಲದ ಮಡಕೆಯ ಮುಂದೆ ಕುಳಿತ ತಾಯಿಯನ್ನು ಅವರಲ್ಲಿ ಎಷ್ಟು ಮಂದಿ ನೋಡಿದ್ದರು? ನಾವು ಮರುಗುವುದು ನಮ್ಮ ಕಣ್ಣಿಗೆ ಬಿದ್ದವರಿಗಾಗಿ. ಆದ್ದರಿಂದ ಯಾರ ಚಿತ್ರ ಲೋಕದ ಕಣ್ಣಿಗೆ ಬೀಳುತ್ತದೆ, ಯಾರದು ಬೀಳುವುದಿಲ್ಲ ಎಂಬುದು ಕರುಣೆಯ ಹಂಚಿಕೆಯ ಪ್ರಶ್ನೆಯೂ ಆಗಿದೆ.

ಅರಿಯುವ ನೋಟ

ಹಾಗಾದರೆ ಗ್ರಹಣದ ಎರಡನೆಯ ಅರ್ಥ, ಅರಿಯುವ ನೋಟ, ಹೇಗಿರುತ್ತದೆ? ಯಹೂದಿ ಚಿಂತಕ ಮಾರ್ಟಿನ್ ಬೂಬರ್ 1923ರ ತಮ್ಮ ‘ನಾನು ಮತ್ತು ನೀನು’ ಕೃತಿಯಲ್ಲಿ ಒಂದು ಮರದ ಉದಾಹರಣೆ ಕೊಡುತ್ತಾರೆ. ಮರವನ್ನು ಬಣ್ಣ ಬೆಳಕುಗಳ ಚಿತ್ರವಾಗಿ ನೋಡಬಹುದು, ಒಂದು ಸಸ್ಯಜಾತಿಯ ಮಾದರಿಯಾಗಿ ನೋಡಬಹುದು. ಆಗೆಲ್ಲ ಅದು ನಮಗೆ ಒಂದು ‘ಅದು’. ಆದರೆ ಅದರೆದುರು ನಿಂತವನು ಅದರೊಡನೆ ಒಂದು ಸಂಬಂಧಕ್ಕೆ ಒಳಗಾಗುವ ಗಳಿಗೆಯೂ ಬರಬಹುದು; ಆಗ ಅದು ವಸ್ತುವಾಗಿ ಉಳಿಯುವುದಿಲ್ಲ. ಮರದ ವಿಷಯದಲ್ಲಿಯೇ ಇದು ಸಾಧ್ಯವಾದರೆ ಮನುಷ್ಯರ ವಿಷಯದಲ್ಲಿ ಹೇಳಬೇಕಾದುದೇನಿದೆ!

ನಮೀಬ್ ಮರುಭೂಮಿಗೇ ಸೇರಿದ ಒಂದು ಸಸ್ಯದ ಕಥೆ ಇದಕ್ಕೆ ಒಳ್ಳೆಯ ನಿದರ್ಶನ. ಕೇವಲ ಎರಡು ಎಲೆಗಳಿಂದ ಸಾವಿರ ವರ್ಷಕ್ಕೂ ಮೀರಿ ಬದುಕಬಲ್ಲ ಸಸ್ಯವದು. 1859ರಲ್ಲಿ ಇಂದಿನ ಅಂಗೋಲಾದ ದಕ್ಷಿಣ ಭಾಗದಲ್ಲಿ, ಈ ಮರುಭೂಮಿಯ ಉತ್ತರ ತುದಿಯಲ್ಲಿ, ಫ್ರೆಡ್ರಿಕ್ ವೆಲ್ವಿಚ್ ಎಂಬ ಆಸ್ಟ್ರಿಯಾದ ಸಸ್ಯವಿಜ್ಞಾನಿ ಅದನ್ನು ಕಂಡನು. ಕಂಡೊಡನೆ ಅವನು ಅದನ್ನು ಕಿತ್ತು ಚೀಲಕ್ಕೆ ಹಾಕಲಿಲ್ಲ. ಮುಟ್ಟಿದರೆ ಎಲ್ಲಿ ಕನಸಾಗಿ ಕರಗಿಬಿಡುವುದೋ ಎಂಬ ಅಂಜಿಕೆಯಿಂದ, ಸುಡುವ ನೆಲದ ಮೇಲೆ ಮೊಣಕಾಲೂರಿ ಅದನ್ನೇ ದಿಟ್ಟಿಸುತ್ತಾ ಇದ್ದೆನೆಂದು ಅವನೇ ಹೇಳಿಕೊಂಡಿದ್ದಾನೆ. ವೆಲ್ವಿಚಿಯಾ ಎಂದು ಆ ಸಸ್ಯಕ್ಕೆ ಅವನ ಹೆಸರೇ ಬಂದಿತು. ಅವನೂ ಮುಂದೆ ಅದನ್ನು ಅಳೆದು, ವಿವರಿಸಿ, ಲೋಕಕ್ಕೆ ಪರಿಚಯಿಸಿದವನೇ. ಆದರೆ ಮೊಣಕಾಲೂರಿದ್ದು ಮೊದಲು, ಅಳೆದದ್ದು ಆಮೇಲೆ. ಈ ಕ್ರಮದಲ್ಲಿ ಒಂದು ನೀತಿಪಾಠವೇ ಇದೆ.

ಎಟೋಷಾದ ಒಕೌಕುಯೆಜೊ ಎಂಬಲ್ಲಿ, ರಾತ್ರಿ ದೀಪ ಬೆಳಗಿದ ನೀರಿನ ಗುಂಡಿಯ ಎದುರಿಗೆ, ಕಲ್ಲುಗೋಡೆಯ ಈಚೆ ಜನ ಸದ್ದಿಲ್ಲದೆ ಕುಳಿತಿರುತ್ತಾರೆ. ಪ್ರಾಣಿಗಳು ತಮಗೆ ಬಾಯಾರಿದಾಗ ಬರುತ್ತವೆ, ಬಾರದೆಯೂ ಇರುತ್ತವೆ. ಅಲ್ಲಿ ನೋಡುವವನಿಗೆ ಯಾವ ಅಧಿಕಾರವೂ ಇಲ್ಲ, ಅವನು ಕಾಯಬೇಕು. ಕಾಯುವವನು ಮಾತ್ರ ‘ಹಿಡಿಯುವ’ ಆಸೆಯನ್ನು ಸ್ವಲ್ಪ ಸ್ವಲ್ಪವಾಗಿ ಬಿಡಬಲ್ಲ. ಅಂಥ ನೋಟಕ್ಕೆ ನಮ್ಮ ಭಾಷೆಯಲ್ಲಿ ಒಂದು ಸುಂದರವಾದ ಮಾತಿದೆ: ಕಣ್ತುಂಬಿಕೊಳ್ಳುವುದು. ಅಲ್ಲಿ ಕಂಡದ್ದರಿಂದ ಏನನ್ನೂ ತೆಗೆಯುವುದಿಲ್ಲ. ಕಂಡದ್ದು ನಮ್ಮನ್ನು ತುಂಬುತ್ತದೆ.

ಪ್ರಿಯ ಓದುಗರೇ, ನಮ್ಮಲ್ಲಿ ಹೆಚ್ಚಿನವರು ನಮೀಬಿಯಾಕ್ಕೆ ಹೋಗಲಾರೆವು. ಆದರೆ ಅಲ್ಲಿಂದ ಬಂದ ಚಿತ್ರಗಳನ್ನು ನೋಡುತ್ತೇವೆ, ಮೆಚ್ಚುತ್ತೇವೆ, ಇತರರಿಗೆ ಕಳುಹಿಸುತ್ತೇವೆ. ಹಾಗೆ ನೋಡುವಾಗ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬಹುದು. ಇಲ್ಲಿರುವವರ ಹೆಸರೇನು? ಈ ಅಂಚಿನ ಹೊರಗೆ ಯಾರಿದ್ದಾರೆ? ಈ ಚಿತ್ರದಿಂದ ಅವರಿಗೆ ಒಳಿತಾಯಿತೇ, ಕೇಡಾಯಿತೇ? ಉತ್ತರ ಸಿಗದಿದ್ದರೂ ಚಿಂತೆಯಿಲ್ಲ, ಪ್ರಶ್ನೆ ಏಳಬೇಕು.

ಕೊನೆಯದಾಗಿ ಒಂದು ಮಾತು. 1904ರಿಂದ 1908ರವರೆಗಿನ ಆ ದಾರುಣ ವರ್ಷಗಳಲ್ಲಿ ವಸಾಹತುಗಾರರೂ ಕ್ಯಾಮೆರಾ ಬಳಸಿದ್ದರು. ಸರಪಳಿ ಬಿಗಿದ ಬಂದಿಗಳ ಚಿತ್ರಗಳು, ಸತ್ತವರ ತಲೆಬುರುಡೆಗಳನ್ನು ಸೈನಿಕರು ಪೆಟ್ಟಿಗೆಗೆ ತುಂಬುತ್ತಿರುವ ಚಿತ್ರ, ಇವೆಲ್ಲ ಅಂಚೆಕಾರ್ಡುಗಳಾಗಿ ಜರ್ಮನಿಗೆ ಹೋದವು. ತೆಗೆದವರಿಗೆ ಅವು ಹೆಮ್ಮೆಯ ಸ್ಮರಣಿಕೆಗಳಾಗಿದ್ದವು. ನೂರು ವರ್ಷಗಳ ನಂತರ ಅವೇ ಚಿತ್ರಗಳು ಸಾಕ್ಷ್ಯವಾಗಿ ನಿಂತವು. ಒಯ್ದಿದ್ದ ಬುರುಡೆಗಳಲ್ಲಿ ಕೆಲವು 2011ರಲ್ಲಿ, ಮತ್ತೆ 2014ರಲ್ಲಿ, 2018ರಲ್ಲಿ ತಾಯ್ನಾಡಿಗೆ ಮರಳಿದವು. 2021ರ ಮೇ ತಿಂಗಳಲ್ಲಿ ಜರ್ಮನ್ ಸರಕಾರ ಅಂದು ನಡೆದದ್ದನ್ನು ಜನಾಂಗಹತ್ಯೆಯೆಂದು ಒಪ್ಪಿಕೊಂಡಿತು. 2025ರ ಮೇ 28ರಂದು ನಮೀಬಿಯಾ ಮೊದಲ ಬಾರಿಗೆ ರಾಷ್ಟ್ರೀಯ ಸ್ಮರಣೆಯ ದಿನವನ್ನು ಆಚರಿಸಿತು. ತೆಗೆದವನ ಉದ್ದೇಶ ಅವನೊಂದಿಗೇ ಮಣ್ಣಾಯಿತು. ಚಿತ್ರದಲ್ಲಿದ್ದವರು ಉಳಿದರು, ಮಾತನಾಡಿದರು.

ನಾವಿಂದು ತೆಗೆಯುವ ಚಿತ್ರಗಳೂ ನಮ್ಮ ನಂತರ ಉಳಿಯುತ್ತವೆ. ನಾವು ಯಾರನ್ನು ನೋಡಿದೆವು, ಯಾರನ್ನು ನೋಡದೆ ಬಿಟ್ಟೆವು ಎಂಬುದನ್ನು ನಾಳೆ ಅವುಗಳನ್ನು ನೋಡುವ ಮಕ್ಕಳು ನಮಗಿಂತ ಚೆನ್ನಾಗಿ ಓದಿಕೊಳ್ಳುತ್ತಾರೆ.